ಅರ್ಕಾವೊತ್ತು ತಪ್ಪದ ಪ್ಯಾಂಗೊ: ಶಿವಮೊಗ್ಗದ ಅಕ್ಷರಜೋಡಣೆಯ ಕೋಣೆಯಿಂದ ಒಂದು ವಿಮರ್ಶೆ

ಕನ್ನಡ ಪಠ್ಯವನ್ನು ಜೋಡಿಸುವ ಯಾವ ತಂತ್ರಾಂಶ ಕೈಗೆ ಬಂದರೂ ನಾನು ಮೊದಲು ಅದಕ್ಕೆ ಕೊಡುವುದು ಮೂರು ಪದಗಳನ್ನು: ಸೂರ್ಯ, ರ‍್ಯಾಂಕ್, ಕಾರ್ತ್ಸ್ನ್ಯ. ಮೊದಲನೆಯದರಲ್ಲಿ, ಉಚ್ಚಾರದಲ್ಲಿ ಮುಂದಿರುವ ರಕಾರವು ಬರಹದಲ್ಲಿ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಸರಿಯಬೇಕು. ಎರಡನೆಯದರಲ್ಲಿ ಅದೇ ರಕಾರ ಪೂರ್ಣ ರೂಪದಲ್ಲಿ ನಿಂತು, ಯಕಾರವೇ ಅದಕ್ಕೆ ಒತ್ತಾಗಬೇಕು. ಮೂರನೆಯದರಲ್ಲಿ ತಕಾರಕ್ಕೆ ಸ, ನ, ಯ ಮೂರೂ ಒತ್ತುಗಳಾಗಿ ಸೇರಬೇಕು. ಅರ್ಕಾವೊತ್ತು ಅವೆಲ್ಲವನ್ನೂ ದಾಟಿ ತನ್ನ ಜಾಗಕ್ಕೆ ಹೋಗಿ ಕೂರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ತಂತ್ರಾಂಶವನ್ನು ನಂಬಿ ಪುಸ್ತಕದ ಕೆಲಸ ಹಿಡಿಯಲಾಗದು. ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನಮ್ಮ ಸಣ್ಣ ಅಕ್ಷರಜೋಡಣೆಯ ಕೋಣೆಯಲ್ಲಿ ಎರಡು ಮಳೆಗಾಲಗಳಿಂದ ಬಳಸುತ್ತಿರುವ ಪ್ಯಾಂಗೊ ಎಂಬ ಮುಕ್ತ ತಂತ್ರಾಂಶ ಲೈಬ್ರರಿ (ಬೇರೆ ತಂತ್ರಾಂಶಗಳ ಒಳಗಿದ್ದು ಅವುಗಳಿಗೆ ಪಠ್ಯ ಜೋಡಿಸಿಕೊಡುವ ಭಾಗ) ಈ ಮೂರನ್ನೂ ಮೊದಲ ಸಲಕ್ಕೇ ತಪ್ಪಿಲ್ಲದೆ ಬರೆಯಿತು. ಆದರೆ ಅಕ್ಷರ ಸರಿಬಂದ ಮಾತ್ರಕ್ಕೆ ಸಾಲು ಸರಿಬರುವುದಿಲ್ಲ, ಸಾಲು ಸರಿಬಂದರೂ ಪುಟ ಆಗುವುದಿಲ್ಲ. ಯಾವ ಭಾಗವನ್ನು ಈ ಲೈಬ್ರರಿಗೆ ನಿಶ್ಚಿಂತೆಯಿಂದ ಬಿಡಬಹುದು, ಯಾವ ಭಾಗವನ್ನು ಜೋಡಿಸುವವರೇ ಹೊರಬೇಕು ಎಂಬುದನ್ನು ಕೆಲಸ ಮಾಡಿ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಗ್ರೀಕಿನಲ್ಲಿ ‘ಎಲ್ಲ’ ಎಂಬರ್ಥದ ‘ಪ್ಯಾನ್’ ಮತ್ತು ಜಪಾನಿನಲ್ಲಿ ‘ಭಾಷೆ’ ಎಂಬರ್ಥದ ‘ಗೊ’ ಕೂಡಿ ಈ ಹೆಸರಾಗಿದೆ. ಓವನ್ ಟೇಲರ್ ಮತ್ತು ರಾಫ್ ಲೆವಿಯನ್ ಬೇರೆಬೇರೆಯಾಗಿ ನಡೆಸುತ್ತಿದ್ದ ಎರಡು ಯೋಜನೆಗಳು ಒಂದಾಗಿ ಇದು ಹುಟ್ಟಿತು. ಇದರ 1.0 ಆವೃತ್ತಿ 2002ರಲ್ಲಿ ತೆರೆಯ ಮೇಲಿನ ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಜಿಟಿಕೆ 2 ಎಂಬ ಲೈಬ್ರರಿಯ ಜೊತೆಗೆ ಬಂದಿತು. ಲಿನಕ್ಸಿನ ಗ್ನೋಮ್ ಪರದೆಯ ಮೇಲೆ ಕನ್ನಡ ಓದಿದವರು, ಗಿಂಪ್‌ನಲ್ಲಿ ಚಿತ್ರದ ಮೇಲೆ ಕನ್ನಡ ಬರೆದವರು, ಇಂಕ್‌ಸ್ಕೇಪ್‌ನಲ್ಲಿ ಕರಪತ್ರ ಮಾಡಿದವರು ಹೆಸರು ತಿಳಿಯದೆಯೇ ಇದನ್ನು ಬಳಸಿದ್ದಾರೆ. ಲೆಸ್ಸರ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಇದಕ್ಕೆ ಬೆಲೆಯಿಲ್ಲ. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವ ಸಂಗತಿಯೆಂದರೆ, ಲೈಬ್ರರಿಯನ್ನೇ ತಿದ್ದಿ ಹಂಚುವವರು ಆ ತಿದ್ದುಪಡಿಯನ್ನೂ ಹಂಚಲೇಬೇಕು. ಬೇರೊಂದು ದೇಶದಲ್ಲಿ ಬೇರೊಂದು ಲಿಪಿಗಾಗಿ ಯಾರೋ ಮಾಡಿದ ತಿದ್ದುಪಡಿ ಹೀಗೆ ನಮ್ಮ ಕೋಣೆಗೂ ತಲುಪುತ್ತದೆ.

ಒತ್ತಕ್ಷರ ಸರಿಬರುವುದರ ಹಿರಿಮೆ ಪ್ಯಾಂಗೊ ಒಂದಕ್ಕೇ ಸಲ್ಲುವುದಲ್ಲ ಎಂಬುದನ್ನು ಮೊದಲು ಹೇಳಬೇಕು. ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳ, ಅಂದರೆ ಕೋಡ್‌ಗಳ, ಸಾಲನ್ನು ನೋಡಿ, ಫಾಂಟಿನೊಳಗಿನ ನಿಯಮಗಳನ್ನು ಓದಿ, ಯಾವ ಅಕ್ಷರರೂಪ ಎಲ್ಲಿ ಕೂರಬೇಕೆಂದು ತೀರ್ಮಾನಿಸುವ ಕೆಲಸ ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ಲೈಬ್ರರಿಯದು. ಭಾರತೀಯ ಲಿಪಿಗಳಿಗಾಗಿ ಪ್ಯಾಂಗೊ ಮೊದಲು ತನ್ನದೇ ಭಾಗಗಳನ್ನು ಇಟ್ಟುಕೊಂಡಿತ್ತು. ಬೆಹದಾದ್ ಎಸ್ಫಹಬೋದ್ ಹೊಸದಾಗಿ ಬರೆದ ಹಾರ್ಫ್‌ಬಜ್‌ಗೆ 2012ರಲ್ಲಿ ಆ ಕೆಲಸವನ್ನು ಒಪ್ಪಿಸಿತು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಪುಸ್ತಕ ಜೋಡಿಸುವ ಝೀಟೆಕ್ ಇವೆಲ್ಲ ನೆಚ್ಚಿರುವುದೂ ಅದನ್ನೇ. ಆದ್ದರಿಂದ ಒಂದೇ ಫಾಂಟನ್ನು ಕೊಟ್ಟರೆ ಇವೆಲ್ಲವುಗಳಲ್ಲಿ ‘ಕಾರ್ತ್ಸ್ನ್ಯ’ ಒಂದೇ ರೀತಿ ಕಾಣುತ್ತದೆ. ಆದರೆ ಹಾರ್ಫ್‌ಬಜ್ ಒಮ್ಮೆಗೆ ಒಂದು ಲಿಪಿಯ, ಒಂದು ಫಾಂಟಿನ, ಒಂದು ದಿಕ್ಕಿನ ತುಂಡನ್ನಷ್ಟೇ ನೋಡುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಹೆಸರೊಂದು, ಅದರ ಮುಂದೆ ಉರ್ದು ಸಾಲೊಂದು ಬರುವ ಪ್ಯಾರಾವನ್ನು ಲಿಪಿವಾರು ತುಂಡು ಮಾಡುವುದು, ಪ್ರತಿ ತುಂಡಿಗೂ ತಕ್ಕ ಫಾಂಟನ್ನು ಹುಡುಕುವುದು, ಬಲದಿಂದ ಎಡಕ್ಕೆ ಓದುವ ಭಾಗವನ್ನು ಫ್ರಿಬಿಡಿ ಎಂಬ ಲೈಬ್ರರಿಯ ನೆರವಿನಿಂದ ಅದರ ಕ್ರಮದಲ್ಲಿ ಇರಿಸುವುದು, ಕೊಟ್ಟ ಅಗಲಕ್ಕೆ ಸಾಲು ಮುರಿಯುವುದು, ಕರ್ಸರ್ ಎಲ್ಲಿ ನಿಲ್ಲಬಹುದೆಂದು ಹೇಳುವುದು ಇವು ಪ್ಯಾಂಗೊ ಮಾಡುವ ಕೆಲಸಗಳು. ಮೊಳೆ ಜೋಡಿಸುತ್ತಿದ್ದ ಕಾಲದ ಮಾತಿನಲ್ಲಿ ಹೇಳುವುದಾದರೆ, ಮನೆಗಳಿಂದ ಸರಿಯಾದ ಮೊಳೆಯನ್ನು ಆರಿಸಿ ಕೊಡುವ ಕೈ ಹಾರ್ಫ್‌ಬಜ್‌ನದು, ಅವುಗಳನ್ನು ಸಾಲಾಗಿಸಿ ಗ್ಯಾಲಿ ಎಂಬ ತಟ್ಟೆಗೆ ಇಳಿಸುವ ಕೈ ಪ್ಯಾಂಗೊದ್ದು.

ಅಳಿಸುವ ವಿಷಯದಲ್ಲಿ ಅದು ತೋರಿಸುವ ಎಚ್ಚರ ನನಗೆ ಬಹಳ ಹಿಡಿಸಿತು. ‘ಸ್ತ್ರೀ’ ಎಂದು ಬರೆದು ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಗುಣಿತಾಕ್ಷರ ಒಮ್ಮೆಗೇ ಹೋಗಬೇಕೇ, ಕೊನೆಯ ಸ್ವರಚಿಹ್ನೆ ಮಾತ್ರ ಹೋಗಬೇಕೇ? ಕನ್ನಡ ಬೆರಳಚ್ಚು ಮಾಡುವವರಿಗೆ ಬೇಕಾದದ್ದು ಎರಡನೆಯದು, ಏಕೆಂದರೆ ತಪ್ಪಿದ್ದು ಸಾಮಾನ್ಯವಾಗಿ ಕೊನೆಯ ಒಂದು ಕೀಲಿ. ಪಠ್ಯದ ಪ್ರತಿ ಸ್ಥಾನಕ್ಕೂ ಪ್ಯಾಂಗೊ ಲೆಕ್ಕ ಹಾಕಿಡುವ ಗುಣಗಳಲ್ಲಿ ಇದಕ್ಕೆಂದೇ ಒಂದು ಗುರುತಿದೆ, ಮತ್ತು ಕನ್ನಡಕ್ಕೆ ಅದು ಒಂದೊಂದೇ ಕೋಡನ್ನು ಅಳಿಸುವಂತೆ ಹೇಳುತ್ತದೆ. ದಿನಕ್ಕೆ ಹತ್ತಾರು ಪುಟ ಬೆರಳಚ್ಚು ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಇದನ್ನು ನಿಜವಾಗಿ ಒರೆಗೆ ಹಚ್ಚಿದ್ದು ಶಾಸನಗಳ ಒಂದು ಚಿಕ್ಕ ಪುಸ್ತಕ. ನಮ್ಮ ಜಿಲ್ಲೆ ಕಲ್ಲಿನ ಮೇಲಿನ ಕನ್ನಡಕ್ಕೆ ಬಡ ಜಿಲ್ಲೆಯಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಿಂದ ಹಿಡಿದು ಬಳ್ಳಿಗಾವಿ, ಕೆಳದಿ, ಇಕ್ಕೇರಿಯವರೆಗೆ ಓದಬೇಕಾದ ಕಲ್ಲುಗಳು ಎಷ್ಟೋ ಇವೆ. ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಊರಿನ ಸುತ್ತಲಿನ ಶಾಸನಪಾಠಗಳನ್ನು ಅರ್ಥಸಹಿತ ಬರೆದು ತಂದಿದ್ದರು. ಅವರ ಹಾಳೆಗಳ ತುಂಬ ‘ಕೆಱೆ’, ‘ಗೞ್ದೆ’, ‘ಅೞಿದೊಂ’ ಎಂಬಂಥ ರೂಪಗಳು. ಹಳಗನ್ನಡದ ೞ ಮತ್ತು ಱ ಎರಡೂ, ಎಲ್ಲ ಲಿಪಿಗಳ ಅಕ್ಷರಗಳಿಗೂ ಕೋಡ್ ಕೊಡುವ ಯೂನಿಕೋಡಿನಲ್ಲಿ ಇವೆ; ೞಕಾರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮ ಅಲ್ಲಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಿದ್ದಾರೆ. ಹೆಸರು ಏನೇ ಇರಲಿ, ಅಕ್ಷರಕ್ಕೆ ಸ್ಥಾನವಿದೆ. ತೊಡಕು ಇರುವುದು ಫಾಂಟುಗಳಲ್ಲಿ. ಎಲ್ಲ ಕನ್ನಡ ಫಾಂಟುಗಳೂ ಈ ಎರಡು ಅಕ್ಷರಗಳನ್ನು ಒಳಗೊಂಡಿಲ್ಲ. ಇಂಥ ಕಡೆ ಪ್ಯಾಂಗೊ, ಗಣಕದಲ್ಲಿರುವ ಫಾಂಟುಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್‌ನ ಸಹಾಯದಿಂದ ಆ ಅಕ್ಷರವಿರುವ ಬೇರೆ ಫಾಂಟನ್ನು ಹುಡುಕಿ, ಏನೂ ಹೇಳದೆ, ಅದರಿಂದ ಆ ಒಂದು ತುಂಡನ್ನು ತುಂಬಿಬಿಡುತ್ತದೆ.

ಮೊದಲ ಪ್ರೂಫನ್ನು ಕಂದೀಲಿನ ಬೆಳಕಿನಲ್ಲಿ ನೋಡಿದ ಮೇಷ್ಟ್ರು ಒಂದು ಸಾಲಿನ ಮೇಲೆ ಬೆರಳಿಟ್ಟು, “ಈ ೞಕಾರ ಈ ಸಾಲಿನದಲ್ಲ ಮಾರಾಯ್ರೆ, ಎಲ್ಲಿಂದಲೋ ತಂದು ಕೂರಿಸಿದ ಹಾಗಿದೆ” ಎಂದರು. ಅವರ ಮಾತು ಸರಿಯಾಗಿತ್ತು. ಸುತ್ತಲಿನ ಅಕ್ಷರಗಳಿಗೆ ದಪ್ಪ-ತೆಳುವಿನ ಗೀರಿದ್ದರೆ, ಬೇರೆ ಫಾಂಟಿನಿಂದ ಬಂದಿದ್ದ ೞಕಾರಕ್ಕೆ ಒಂದೇ ದಪ್ಪದ ಗೀರಿತ್ತು. ಪರದೆಯ ಮೇಲೆ ಓದುವವರಿಗೆ ಅಕ್ಷರ ಕಾಣೆಯಾಗುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದನ್ನು ಒಪ್ಪುತ್ತೇನೆ. ಆದರೆ ಅಚ್ಚಿಗೆ ಹೋಗುವ ಪುಸ್ತಕದಲ್ಲಿ ಸದ್ದಿಲ್ಲದೆ ನಡೆಯುವ ಈ ಉಪಕಾರ ಅಪಾಯದ್ದೇ. ಅದಕ್ಕೆ ಪ್ಯಾಂಗೊದಲ್ಲೇ ದಾರಿಯಿದೆ. ಪಠ್ಯಕ್ಕೆ ಹಚ್ಚುವ ಗುರುತಿನಲ್ಲಿ ಬದಲಿ ಫಾಂಟು ಬೇಡವೆಂದು ಹೇಳಿದರೆ, ಇಲ್ಲದ ಅಕ್ಷರದ ಜಾಗದಲ್ಲಿ ಅದರ ಕೋಡ್ ಬರೆದ ಒಂದು ಚೌಕ ಮೂಡುತ್ತದೆ. ಆಮೇಲೆ ಪ್ರತಿ ಪುಸ್ತಕದ ಮೊದಲ ಪ್ರೂಫನ್ನು ನಾವು ಹೀಗೆಯೇ ತೆಗೆಯುತ್ತೇವೆ: ಚೌಕ ಕಂಡಲ್ಲೆಲ್ಲ ಫಾಂಟ್ ಬದಲಿಸುವುದೋ, ಅಳತೆ ಹೊಂದುವ ಇನ್ನೊಂದನ್ನು ನಾವೇ ಆರಿಸುವುದೋ ತೀರ್ಮಾನಿಸಿ ಮುಂದೆ ಹೋಗುತ್ತೇವೆ. ಶಾಸನಪದ್ಯಗಳ ದಂಡಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಂಟಿದಂಡ, ಜೋಡಿದಂಡ ಎರಡೂ ಯೂನಿಕೋಡಿನಲ್ಲಿ ದೇವನಾಗರಿಯ ಭಾಗದಲ್ಲಿದ್ದು ಭಾರತದ ಹಲವು ಲಿಪಿಗಳಿಗೆ ಸಾಮಾನ್ಯವಾಗಿವೆ, ಮತ್ತು ಅವುಗಳನ್ನು ಸೇರಿಸಲು ಮರೆತ ಕನ್ನಡ ಫಾಂಟುಗಳಿವೆ.

ಹಳೆಯ ಕಡತಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಲೆನಾಡಿನ ಅಚ್ಚಿನ ಕೆಲಸದಲ್ಲಿ ಅರ್ಧ ಇದೇ. ಸಂಘಗಳ ಸ್ಮರಣ ಸಂಚಿಕೆಗಳು, ದೇವಸ್ಥಾನಗಳ ಇತಿಹಾಸ, ಯಕ್ಷಗಾನ ಪ್ರಸಂಗಗಳು ಹೀಗೆ ಇಪ್ಪತ್ತು ವರ್ಷಗಳಲ್ಲಿ ಜೋಡಿಸಿದ್ದೆಲ್ಲ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಉಳಿದಿದೆ. ಅವುಗಳಲ್ಲಿ ಕನ್ನಡ ಅಕ್ಷರದ ಚೂರುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಅಡಗಿ ಕೂತಿವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದಾಗ ಕೊಂಬು, ಏತ್ವ, ದೀರ್ಘಗಳು ತಮ್ಮ ಅಕ್ಷರದಿಂದ ಕಳಚಿಕೊಂಡು ಅನಾಥವಾಗುವುದುಂಟು. ಹೀಗೆ ಆಸರೆಯಿಲ್ಲದ ಸ್ವರಚಿಹ್ನೆ ಬಂದಲ್ಲಿ ಹಾರ್ಫ್‌ಬಜ್ ಚುಕ್ಕೆಗಳ ಒಂದು ವೃತ್ತವನ್ನು ಬರೆದು ಅದಕ್ಕೆ ಚಿಹ್ನೆಯನ್ನು ಅಂಟಿಸುತ್ತದೆ. ಇದನ್ನು ದೋಷವೆಂದು ದೂರುವವರನ್ನು ಕಂಡಿದ್ದೇನೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರೂಫ್ ರೀಡರ್ ಇಲ್ಲ. ಪ್ಯಾಂಗೊದ ಜೊತೆಗೇ ಬರುವ ‘ಪ್ಯಾಂಗೊ-ವ್ಯೂ’ ಎಂಬ ಪುಟ್ಟ ಸಾಧನಕ್ಕೆ ಪಠ್ಯದ ಕಡತ, ಫಾಂಟಿನ ಹೆಸರು, ಅಗಲ ಇಷ್ಟನ್ನು ಕೊಟ್ಟರೆ ಪಿಡಿಎಫ್ ಅಥವಾ ಚಿತ್ರ ಸಿಗುತ್ತದೆ. ಅದರಲ್ಲಿ ಚುಕ್ಕೆವೃತ್ತಗಳನ್ನು ಹುಡುಕುತ್ತ ಹೋದರೆ ಪರಿವರ್ತನೆಯ ಒರಟು ತಪ್ಪುಗಳು ಎದ್ದು ಕಾಣುತ್ತವೆ.

ಎದ್ದು ಕಾಣದ ತಪ್ಪುಗಳೂ ಇವೆ, ಅವೇ ಹೆಚ್ಚು ಕಾಡುವಂಥವು. ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಕೋಡಾಗಿ ಬರೆಯಬಹುದು. ಏತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಕೋಡುಗಳಾಗಿಯೂ ಬರೆಯಬಹುದು. ಯೂನಿಕೋಡಿನ ಪ್ರಕಾರ ಎರಡೂ ಸಮಾನ, ಆದ್ದರಿಂದ ತೆರೆಯ ಮೇಲೆ ಎರಡೂ ಒಂದೇ ರೀತಿ ಮೂಡುತ್ತವೆ. ಹಾಗೆ ಮೂಡುವುದೇ ಸರಿ. ಆದರೆ ಸಮಾನತೆಯ ಆ ನಿಯಮವನ್ನು ಲೆಕ್ಕಿಸದ ಹುಡುಕಾಟದಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ, ಪದಸೂಚಿ ಮಾಡುವಾಗ ‘ಕೋಟೆ’ ಎರಡು ಕಡೆ ಹಂಚಿಹೋಗುತ್ತದೆ. ಚೆಂದವಾಗಿ ಕಾಣುವ ಪಠ್ಯ ಶುದ್ಧವಾದ ಪಠ್ಯವೇ ಆಗಿರಬೇಕಿಲ್ಲ. ಹಾಗಾಗಿ ಯೂನಿಕೋಡ್ ವಿಧಿಸಿದ ಒಂದೇ ರೂಪಕ್ಕೆ ಇಡೀ ಕಡತವನ್ನು ತಂದುಕೊಂಡ ಮೇಲೆಯೇ ಜೋಡಣೆಗೆ ಕೊಡಬೇಕು. ಇದು ಪ್ಯಾಂಗೊದ ಕೆಲಸವಲ್ಲ. ಅದು ಮಾಡಲೆಂದು ಕಾಯುವುದೂ ಸರಿಯಲ್ಲ.

ಇನ್ನು ಸಾಲುಗಳ ಮಾತು. ಈ ಲೈಬ್ರರಿಯ ಬಗ್ಗೆ ನನಗಿರುವ ಮುಖ್ಯ ಅಸಮಾಧಾನ ಇಲ್ಲಿದೆ. ಕನ್ನಡದಲ್ಲಿ ಪ್ರತ್ಯಯಗಳೂ ಸಮಾಸಗಳೂ ಸೇರಿ ಪದ ಬೆಳೆಯುತ್ತದೆ: ‘ಮಾಡಬೇಕಾಗಿದ್ದುದರಿಂದ’, ‘ಗ್ರಾಮಪಂಚಾಯಿತಿಗಳಿಗೆಲ್ಲ’. ಎರಡು ಅಂಕಣಗಳ ಪುಟದಲ್ಲಿ ಇಂಥ ಪದ ಸಾಲಿನ ಕೊನೆಗೆ ಬಂದರೆ ಪ್ಯಾಂಗೊ ಅದನ್ನು ಇಡಿಯಾಗಿ ಕೆಳಗಿನ ಸಾಲಿಗೆ ಇಳಿಸುತ್ತದೆ. ಎರಡೂ ಅಂಚು ಸಮನಾಗಿರಲೆಂದು ಕೇಳಿದ್ದರೆ ಮೇಲಿನ ಸಾಲಿನಲ್ಲಿ ಉಳಿದ ಮೂರು ಪದಗಳ ನಡುವೆ ಬೆರಳು ತೂರುವಷ್ಟು ಬಯಲು ಬಿಡುತ್ತದೆ. ಪದವನ್ನು ಉಚ್ಚಾರದ ಗಡಿಯಲ್ಲಿ ತಾನಾಗಿ ಮುರಿದು ಅಡ್ಡಗೆರೆ ಹಾಕುವ ನಿಘಂಟಾಗಲಿ ನಿಯಮಾವಳಿಯಾಗಲಿ ಅದರಲ್ಲಿಲ್ಲ. ಪದದ ನಡುವೆ ಮುರಿಯಲು ಅನುಮತಿ ಕೊಡುವ ಬಗೆಯೊಂದಿದೆ, ಆದರೆ ಅದು ಮುರಿಯುವುದು ಅಕ್ಷರದ ಗಡಿಯಲ್ಲಿಯೇ ಹೊರತು ಪದದ ಅರ್ಥದ ಗಡಿಯಲ್ಲಲ್ಲ. ಝೀಟೆಕ್ ಸೇರಿದ ಟೆಕ್ ಎಂಬ ಜೋಡಣೆ ತಂತ್ರಾಂಶಗಳ ಬಳಗದಲ್ಲಿ ಕನ್ನಡಕ್ಕೆ ಪದಮುರಿತದ ನಿಯಮಗಳು ಸಿದ್ಧವಾಗಿವೆ. ಸಾಲುಗಳ ಹೊಂದಿಕೆಯನ್ನು ಇಡೀ ಪ್ಯಾರಾ ನೋಡಿ ತೀರ್ಮಾನಿಸುವ ಜಾಣತನವೂ ಅಲ್ಲಿದೆ. ಉದ್ದ ಗದ್ಯದ ಪುಸ್ತಕಕ್ಕೆ ಇಂದಿಗೂ ನಾನು ಅತ್ತಲೇ ತಿರುಗುತ್ತೇನೆ.

2019ರ 1.44 ಆವೃತ್ತಿಯಿಂದ ಒಂದು ಅನುಕೂಲ ದೊರೆತಿದೆ. ಕಣ್ಣಿಗೆ ಕಾಣದ ಮೃದು ಅಡ್ಡಗೆರೆಯ ಗುರುತನ್ನು ಪದದೊಳಗೆ ಇಟ್ಟರೆ, ಸಾಲು ಅಲ್ಲಿ ಮುರಿದಾಗ ಮಾತ್ರ ಪ್ಯಾಂಗೊ ಅಡ್ಡಗೆರೆಯನ್ನು ಬರೆಯುತ್ತದೆ. ‘ವಿದ್ಯಾರ್ಥಿ’ ಮತ್ತು ‘ವೇತನ’ದ ನಡುವೆ, ‘ಜಿಲ್ಲಾ’ ಮತ್ತು ‘ಧಿಕಾರಿ’ಯ ನಡುವೆ ಅದನ್ನು ಇಡಲು ನಾವು ಒಂದು ಪದಪಟ್ಟಿಯನ್ನು ಬೆಳೆಸುತ್ತಿದ್ದೇವೆ. ಎರಡನೆಯ ಪದದಲ್ಲಿ ಸಂಧಿ ಆಗಿರುವುದರಿಂದ ಎಲ್ಲಿ ಮುರಿದರೂ ಮೇಷ್ಟ್ರಿಗೆ ಸಮಾಧಾನವಿಲ್ಲ. ಅದು ಬೇರೆ ಚರ್ಚೆ.

ಸಾಲುಗಳ ನಡುವಿನ ಅಂತರವೂ ಕನ್ನಡಕ್ಕೆ ದೊಡ್ಡ ವಿಷಯ. ಸಾಲಿನ ಎತ್ತರವನ್ನು ಪ್ಯಾಂಗೊ ಲೆಕ್ಕ ಹಾಕುವುದು ಫಾಂಟು ತನ್ನ ಬಗ್ಗೆ ಹೇಳಿಕೊಂಡಿರುವ ಅಳತೆಯಿಂದ, ಮಸಿ ಎಲ್ಲಿಯವರೆಗೆ ಇಳಿದಿದೆ ಎಂಬುದರಿಂದ ಅಲ್ಲ. ಫಾಂಟಿನ ಅಳತೆ ಬಿಗಿಯಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದರ ಜೊತೆಗೆ, ಒಂದು ಸಾಲಿನಲ್ಲಿ ಬದಲಿ ಫಾಂಟಿನ ಒಂದೇ ಅಕ್ಷರ ಬಂದು ಅದರ ಅಳತೆ ದೊಡ್ಡದಿದ್ದರೆ ಆ ಸಾಲು ಮಾತ್ರ ಅಗಲವಾಗಿ ನಿಂತು ಪುಟದ ಲಯ ಕೆಡುತ್ತದೆ. 2021ರ 1.50 ಆವೃತ್ತಿಯಲ್ಲಿ ಸಾಲಿನ ಎತ್ತರವನ್ನು ನಿಗದಿತ ಅಳತೆಯಾಗಿ ಕೊಡುವ ಗುಣ ಸೇರಿರುವುದರಿಂದ ಈಗ ಇದಕ್ಕೆ ಸರಿಯಾದ ಪರಿಹಾರ ಸಿಕ್ಕಿದೆ. ಅದೇ ಆವೃತ್ತಿಯಲ್ಲಿ ಬಲಕ್ಕೆ, ನಡುವಿಗೆ ಮತ್ತು ದಶಮಾಂಶ ಬಿಂದುವಿಗೆ ಹೊಂದಿಸುವ ಟ್ಯಾಬ್‌ಗಳೂ ಬಂದಿವೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಧಾರಣೆಯನ್ನು ಪಟ್ಟಿ ಮಾಡುವ ನೋಟಿಸು ಶಿವಮೊಗ್ಗದಲ್ಲಿ ಯಾವ ಜೋಡಣೆಗಾರರಿಗೂ ತಪ್ಪಿದ್ದಲ್ಲ. ಎಡಗಡೆ ಕನ್ನಡ ಹೆಸರು, ಬಲಗಡೆ ಕನಿಷ್ಠ ಮತ್ತು ಗರಿಷ್ಠ ಬೆಲೆ ಒಂದರ ಕೆಳಗೊಂದು ಬಲ ಅಂಚಿಗೆ ಕೂರಬೇಕು. ಮೊದಲು ಇದಕ್ಕೆ ಖಾಲಿ ಜಾಗಗಳನ್ನು ಎಣಿಸಿ ಇಡುತ್ತಿದ್ದೆವು. ಈಗ ಎರಡು ಟ್ಯಾಬ್ ಸಾಕು.

ಪಠ್ಯದೊಳಗೇ ದಪ್ಪ, ಬಣ್ಣ, ಗಾತ್ರ, ಭಾಷೆಗಳನ್ನು ಸೂಚಿಸುವ ಇದರ ಗುರುತುಗಳು ಎಚ್‌ಟಿಎಂಎಲ್ ಬಲ್ಲವರಿಗೆ ಅರ್ಧ ದಿನದಲ್ಲಿ ಬರುತ್ತವೆ. ಪಠ್ಯದಲ್ಲಿ ಆಂಪರ್‌ಸ್ಯಾಂಡ್ ಚಿಹ್ನೆ (&) ಹಾಗೆಯೇ ಉಳಿದಿದ್ದರೆ ಮಾತ್ರ ಇಡೀ ಗುರುತಿನ ಪಠ್ಯವನ್ನು ಅದು ತಿರಸ್ಕರಿಸುತ್ತದೆ, ಆದ್ದರಿಂದ ಅಂಗಡಿ ಹೆಸರುಗಳಿರುವ ಜಾಹೀರಾತುಗಳಲ್ಲಿ ಎಚ್ಚರ ಬೇಕು.

ಪ್ಯಾಂಗೊಗೆ ಪ್ಯಾರಾ ಗೊತ್ತು, ಪುಟ ಗೊತ್ತಿಲ್ಲ. ಪುಟಸಂಖ್ಯೆ, ಅಡಿಟಿಪ್ಪಣಿ, ಅಂಕಣ ಇವು ಅದರ ಮೇಲೆ ಕಟ್ಟಿಕೊಳ್ಳಬೇಕಾದ ಸಂಗತಿಗಳು. ಪ್ರೋಗ್ರಾಮ್ ಬರೆಯಬಲ್ಲವರು ಇದನ್ನು ಚಿತ್ರ ಬಿಡಿಸುವ ಕೈರೊ ಲೈಬ್ರರಿಯ ಜೊತೆ ಸೇರಿಸಿ ನೇರವಾಗಿ ಪಿಡಿಎಫ್ ಮಾಡಬಹುದು. ಹಾಗೆ ಮಾಡಿದ ಪಿಡಿಎಫ್‌ನೊಳಗೆ ಅಕ್ಷರರೂಪಗಳ ಜೊತೆ ಮೂಲ ಪಠ್ಯದ ಕೋಡುಗಳನ್ನೂ ಇಡುವ ಏರ್ಪಾಡಿದೆ. ಎಷ್ಟೋ ಕನ್ನಡ ಪಿಡಿಎಫ್‌ಗಳಿಂದ ನಕಲು ಮಾಡಿದರೆ ಬರೀ ಗೊಜ್ಜು ಬರುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. ಪ್ರೋಗ್ರಾಮ್ ಬರೆಯದವರಿಗೆ ವೀಸಿಪ್ರಿಂಟ್ ಇದೆ: ಜಾಲಪುಟದಂತೆ ಎಚ್‌ಟಿಎಂಎಲ್‌ನಲ್ಲಿ ಬರೆದುಕೊಟ್ಟರೆ ಅದು ಪ್ಯಾಂಗೊ ಬಳಸಿ ಪ್ಯಾರಾಗಳನ್ನು ಜೋಡಿಸಿ, ಪುಟಗಳನ್ನು ತಾನೇ ಕಟ್ಟುತ್ತದೆ. ನಮ್ಮ ಆಮಂತ್ರಣ ಪತ್ರಿಕೆಗಳೂ ಕಿರುಪುಸ್ತಕಗಳೂ ಈಗ ಆ ದಾರಿಯಲ್ಲಿ ನಡೆಯುತ್ತಿವೆ.

ಗ್ನೋಮ್ ಇರುವ ಲಿನಕ್ಸಿನಲ್ಲಿ ಪ್ಯಾಂಗೊ ಆಗಲೇ ಇರುತ್ತದೆ. ವಿಂಡೋಸ್‌ನಲ್ಲಿ ಮುಕ್ತ ತಂತ್ರಾಂಶಗಳನ್ನು ಅಲ್ಲಿಗೆ ತಂದುಕೊಡುವ ಎಂಸಿಸ್2 ಮೂಲಕ ಹಾಕಿಕೊಳ್ಳಬೇಕು; ಹೊಸಬರಿಗೆ ಅದು ಸ್ವಲ್ಪ ಒರಟು ದಾರಿ. ವಿವರಣೆಯೆಲ್ಲ ಇಂಗ್ಲಿಷಿನಲ್ಲಿದ್ದು ಸಿ ಭಾಷೆಯ ಬಳಕೆದಾರರನ್ನು ಮನಸ್ಸಿನಲ್ಲಿಟ್ಟು ಬರೆದದ್ದಾಗಿದೆ, ಪೈಥಾನ್ ಬಳಸುವವರು ಅಲ್ಲಿಂದ ತಾವೇ ಊಹಿಸಿಕೊಳ್ಳಬೇಕಾಗುತ್ತದೆ. ಹಳೆಯ ಅಚ್ಚುಕೂಟಗಳಿಗೆ ಒಂದು ಎಚ್ಚರಿಕೆ: 1.44ರಿಂದ ಟೈಪ್ 1 ಬಗೆಯ ಫಾಂಟುಗಳನ್ನು ಪ್ಯಾಂಗೊ ಕೈಬಿಟ್ಟಿದೆ. ಪೇಜ್‌ಮೇಕರ್ ಕಾಲದಿಂದ ಕೂಡಿಟ್ಟ ಅಂಥ ಫಾಂಟುಗಳು ಇಲ್ಲಿ ತೆರೆಯುವುದಿಲ್ಲ. ನೋಟೊ, ಲೋಹಿತ್, ಗುಬ್ಬಿ, ನವಿಲು, ತಿರೊ ಮೊದಲಾದ ಮುಕ್ತ ಯೂನಿಕೋಡ್ ಫಾಂಟುಗಳು ಈಗ ದೊರೆಯುವುದರಿಂದ ಇದನ್ನು ನಾನು ದೊಡ್ಡ ನಷ್ಟವೆಂದು ಎಣಿಸುವುದಿಲ್ಲ. ಒಮ್ಮೆ ಹಾಕಿಕೊಂಡ ಮೇಲೆ ಇದಕ್ಕೆ ಅಂತರಜಾಲ ಬೇಡ. ಆಷಾಢದಲ್ಲಿ ಮರ ಬಿದ್ದು ಎರಡು ದಿನ ಸಂಪರ್ಕವಿಲ್ಲದಾಗಲೂ, ಬ್ಯಾಟರಿಯಲ್ಲಿ ಜೀವ ಇರುವಷ್ಟು ಹೊತ್ತು, ನಮ್ಮ ಕೆಲಸ ನಿಲ್ಲಲಿಲ್ಲ.

ನೋಟಿಸು, ಆಮಂತ್ರಣ, ಪ್ರಮಾಣಪತ್ರ, ಪದ್ಯ, ಶಾಸನಪಾಠ, ಪಟ್ಟಿ ಹೀಗೆ ಸಾಲುಗಳು ಚಿಕ್ಕದಾಗಿದ್ದು ಅಕ್ಷರಶುದ್ಧಿಯೇ ಪ್ರಾಣವಾಗಿರುವ ಕೆಲಸಕ್ಕೆ ಪ್ಯಾಂಗೊವನ್ನು ನಾನು ಯಾವ ಅಳುಕೂ ಇಲ್ಲದೆ ಶಿಫಾರಸು ಮಾಡುತ್ತೇನೆ. ನೂರಾರು ಪುಟಗಳ ಕಾದಂಬರಿಗೋ ಎರಡಂಕಣದ ಪತ್ರಿಕೆಗೋ, ಕನ್ನಡದ ಪದಮುರಿತ ಅದರೊಳಗೆ ಬರುವವರೆಗೆ, ಮಾಡುವುದಿಲ್ಲ. ಮೇಷ್ಟ್ರ ಶಾಸನ ಪುಸ್ತಕದ ಕೊನೆಯ ಪ್ರೂಫ್ ಕಳೆದ ವಾರ ಹೊರಟಿತು. ೞಕಾರಗಳೆಲ್ಲ ಈಗ ಸುತ್ತಲಿನ ಅಕ್ಷರಗಳದೇ ಫಾಂಟಿನವು, ಚೌಕ ಒಂದೂ ಉಳಿದಿಲ್ಲ.